ಹೇಳದೆ ಉಳಿದ ಉತ್ತರ

ಪುಣೆಯ ಸದಾಶಿವ ಪೇಠೆಯ ಓಣಿಯೊಂದರಲ್ಲಿ ಅಮೃತತುಲ್ಯ ಚಹಾದಂಗಡಿ. ಮೇಲಿನ ಮಹಡಿಯಲ್ಲಿ ಒಂದು ಅಭ್ಯಾಸಿಕೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಿಂಗಳ ಬಾಡಿಗೆ ಕೊಟ್ಟು ಒಂದು ಕುರ್ಚಿ, ಒಂದು ದೀಪ ಹಿಡಿದು ಸದ್ದಿಲ್ಲದೆ ಕೂಡುವ ಜಾಗ ಅದು. ಕೆಳಗೆ ಅಂಗಡಿಯ ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಧಾರವಾಡದಿಂದ ಬಂದು ಇಪ್ಪತ್ತು ವರ್ಷದಿಂದ ಈ ಊರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿರುವ ಅಧ್ಯಾಪಕಿ. ಇನ್ನೊಬ್ಬಳು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಅದೇ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಆಂತರಿಕ ಅಂಕಗಳ ಪಟ್ಟಿ ಹಚ್ಚಿ ಎರಡು ದಿನವಾಗಿದೆ.

ವಿದ್ಯಾರ್ಥಿನಿ: ಚರ್ಚೆಯಲ್ಲಿ ಭಾಗವಹಿಸಿದ್ದಕ್ಕೆ ಹತ್ತಕ್ಕೆ ಎರಡು ಕೊಟ್ಟಿದ್ದೀರಿ ಮೇಡಂ. ಹೆಚ್ಚಿಗೆ ಕೊಡಿ ಅಂತ ಕೇಳಲಿಕ್ಕೆ ಬಂದಿಲ್ಲ. ಆ ಎರಡು ಅಂಕ ಯಾವುದಕ್ಕೆ ಅಂತ ತಿಳಿಯಬೇಕಾಗಿತ್ತು.

ಅಧ್ಯಾಪಕಿ: ನಿಜ ಹೇಳುತ್ತೇನೆ, ಬಂದು ಕೂತಿದ್ದಕ್ಕೆ. ನೀನು ಒಂದು ದಿನವೂ ತರಗತಿ ತಪ್ಪಿಸಿಲ್ಲ. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತೀ. ಆದರೆ ವರ್ಷವೆಲ್ಲ ಬಾಯಿ ಬಿಡಲಿಲ್ಲ. ಹಾಜರಿ ಕೂಗಿದಾಗಿನ ಒಂದು ಮಾತು ಬಿಟ್ಟರೆ ನಿನ್ನ ದನಿ ಹೇಗಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೊನ್ನೆ ಮೆಟ್ಟಿಲ ಮೇಲೆ ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದೆಯಲ್ಲ, ಆಗ ಕೇಳಿದೆ. ಬೋರಿನ ನೀರು, ಆಡಿನ ಮರಿ, ಅಜ್ಜನ ಕೆಮ್ಮು, ಒಂದರ ಹಿಂದೆ ಒಂದು. ನೀನು ಕನ್ನಡದವಳು ಅಂತ ತಿಳಿದದ್ದೂ ಆಗಲೇ. ಇಷ್ಟು ಮಾತು ಬಲ್ಲ ಹುಡುಗಿ ನನ್ನೆದುರು ಯಾಕೆ ಕಲ್ಲಾಗಿ ಕೂಡುತ್ತಾಳೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ವಿದ್ಯಾರ್ಥಿನಿ: ಅವ್ವನ ಜೊತೆ ಮಾತಾಡುವಾಗ ಮಾತು ಹುಡುಕಬೇಕಾಗಿಲ್ಲ. ನೀವು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತೀರಿ. ಪ್ರಶ್ನೆ ಅರ್ಥವಾಗುತ್ತದೆ. ಉತ್ತರ ಮಾತ್ರ ಕನ್ನಡದಲ್ಲಿ ಹೊಳೆಯುತ್ತದೆ. ಅದನ್ನು ಪಕ್ಕದವಳಿಗೆ ಹೇಳಬೇಕಾದರೆ ಮರಾಠಿಗೆ ತರಬೇಕು, ನಿಮಗೆ ಹೇಳಬೇಕಾದರೆ ಇಂಗ್ಲಿಷಿಗೆ ತರಬೇಕು. ಅಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿ ಮುಗಿಸಿರುತ್ತಾರೆ. ಅವರೂ ಹೇಳದಿದ್ದರೆ ನೀವೇ ಹೇಳಿಬಿಟ್ಟಿರುತ್ತೀರಿ.

ಅಧ್ಯಾಪಕಿ: ಅದು ನಿಜ. ಹೋದ ತಿಂಗಳು ನನ್ನ ಪಾಠವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೂತು ಕೇಳಿದೆ. ಪ್ರಶ್ನೆ ಕೇಳುತ್ತೇನೆ, ಒಂದು ಉಸಿರು ಎಳೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳುತ್ತೇನೆ. ಅಮೆರಿಕದಲ್ಲಿ ಮೇರಿ ಬಡ್ ರೋ ಎನ್ನುವ ವಿಜ್ಞಾನ ಶಿಕ್ಷಣದ ಪ್ರಾಧ್ಯಾಪಕಿ ಇದ್ದರು. ಶಾಲೆಯ ಪಾಠಗಳನ್ನು ಟೇಪಿನಲ್ಲಿ ಹಿಡಿದು, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದರು. 1970ರ ದಶಕದಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಸರಾಸರಿ ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರು ತಾವಾಗಿ ಮಾತಾಡುತ್ತಾರೆ, ‘ಗೊತ್ತಿಲ್ಲ’ ಅನ್ನುವವರು ಕಡಿಮೆಯಾಗುತ್ತಾರೆ. ಇನ್ನೊಂದನ್ನೂ ಅವರು ಕಂಡುಕೊಂಡರು. ಜಾಣರು ಅಂತ ತಾವು ನಂಬಿದ ಮಕ್ಕಳಿಗೆ ಶಿಕ್ಷಕರು ಹೆಚ್ಚು ಹೊತ್ತು ಕಾಯುತ್ತಿದ್ದರು, ದಡ್ಡರು ಅಂತ ಬಗೆದವರಿಗೆ ಕಡಿಮೆ ಹೊತ್ತು.

ವಿದ್ಯಾರ್ಥಿನಿ: ಅಂದರೆ ಹೆಚ್ಚು ಹೊತ್ತು ಬೇಕಾದವರಿಗೇ ಕಡಿಮೆ ಹೊತ್ತು.

ಅಧ್ಯಾಪಕಿ: ಹೌದು. ನಾನೂ ಅದನ್ನೇ ಮಾಡಿದ್ದೇನೆ. ಆದರೂ ಒಂದು ಮಾತು ಕೇಳುತ್ತೇನೆ. ಬರೀ ಹೊತ್ತಿನದೇ ತೊಂದರೆಯಾಗಿದ್ದರೆ ವರ್ಷದಲ್ಲಿ ಒಂದು ಸಲವಾದರೂ ನೀನು ಕೈ ಎತ್ತಬೇಕಾಗಿತ್ತಲ್ಲ?

ವಿದ್ಯಾರ್ಥಿನಿ: ಎತ್ತಿದ್ದೆ. ನಿಮಗೆ ನೆನಪಿಲ್ಲ.

ಅಧ್ಯಾಪಕಿ: ಯಾವಾಗ?

ವಿದ್ಯಾರ್ಥಿನಿ: ಮೊದಲ ವರ್ಷ, ಎರಡನೆಯ ವಾರ. ಬಡ ರೈತ ಬ್ಯಾಂಕು ಬಿಟ್ಟು ಊರ ಸಾಹುಕಾರನ ಹತ್ತಿರ ಯಾಕೆ ಹೋಗುತ್ತಾನೆ ಅಂತ ಕೇಳಿದಿರಿ. ನಾನು ಎದ್ದು ನಿಂತೆ. ಸಾಲಕ್ಕೆ ಇಂಗ್ಲಿಷಿನಲ್ಲಿ ಇರುವ ಶಬ್ದವನ್ನು ‘ಡೆಬ್ಟ್’ ಅಂತ ಓದಿದೆ. ಪುಸ್ತಕದಲ್ಲಿ ಹಾಗೇ ಬರೆದಿರುತ್ತದೆ, ನಾನು ಕಣ್ಣಿನಿಂದ ಕಲಿತ ಶಬ್ದ ಅದು, ಕಿವಿಯಿಂದಲ್ಲ. ಹಿಂದಿನಿಂದ ನಾಲ್ಕೈದು ಮಂದಿ ನಕ್ಕರು. ನೀವು ‘ಡೆಟ್’ ಅಂತ ತಿದ್ದಿದಿರಿ. ಆಮೇಲೆ ಬೇರೆಯವರ ಕಡೆ ತಿರುಗಿದಿರಿ.

ಅಧ್ಯಾಪಕಿ: ನಿನ್ನ ಉತ್ತರ ಏನಿತ್ತು?

ವಿದ್ಯಾರ್ಥಿನಿ: ಸಾಹುಕಾರ ರಾತ್ರಿ ಹತ್ತು ಗಂಟೆಗೂ ಬಾಗಿಲು ತೆರೆಯುತ್ತಾನೆ, ಬ್ಯಾಂಕು ತೆರೆಯುವುದಿಲ್ಲ ಅಂತ ಹೇಳುವುದಿತ್ತು. ಮಗುವಿಗೆ ಜ್ವರ ಬರುವುದು ರಾತ್ರಿಯೇ.

ಅಧ್ಯಾಪಕಿ: ಅವತ್ತಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೆ ಇರಲಿಲ್ಲ. ನಾನು ಶಬ್ದ ಕೇಳಿಸಿಕೊಂಡೆ, ಮಾತು ಕೇಳಿಸಿಕೊಳ್ಳಲಿಲ್ಲ. ನನ್ನದು ತಪ್ಪಾಯಿತವಾ. ಎರಡು ವರ್ಷ ತಡವಾಗಿ ಹೇಳುತ್ತಿದ್ದೇನೆ.

ವಿದ್ಯಾರ್ಥಿನಿ: ನಿಮ್ಮದೊಬ್ಬರದೇ ಅಲ್ಲ ಮೇಡಂ. ನಾನು ಕಾಟ್ ಬೇಸಿಸ್ ಮೇಲೆ, ಅಂದರೆ ಒಂದು ಮಂಚಕ್ಕೆ ಮಾತ್ರ ಬಾಡಿಗೆ ಕೊಟ್ಟು ಇರುವ ಕೋಣೆಯಲ್ಲಿ ನಾಲ್ವರಿದ್ದೇವೆ. ಒಬ್ಬಳು ಬೀಡ ಜಿಲ್ಲೆಯವಳು, ಮನೆಮಾತು ಮರಾಠಿಯೇ. ಅವಳೂ ತರಗತಿಯಲ್ಲಿ ಸುಮ್ಮನೇ ಇರುತ್ತಾಳೆ. ಅವಳ ಮರಾಠಿ ‘ಗಾವಠಿ’ ಅಂತ ಮೊದಲ ವಾರವೇ ಯಾರೋ ಅಂದರಂತೆ. ನನಗೆ ಭಾಷೆ ಬೇರೆ, ಅವಳಿಗೆ ಅದೇ ಭಾಷೆ. ಆದರೂ ಇಬ್ಬರ ಬಾಯಿಗೂ ಬಿದ್ದ ಬೀಗ ಒಂದೇ.

ಅಧ್ಯಾಪಕಿ: ಪುಣೆಯ ಪೇಠೆಗಳ ಮರಾಠಿಯನ್ನು ಶುದ್ಧ ಅಂತ ಬಗೆದು ಉಳಿದದ್ದನ್ನೆಲ್ಲ ಹಳ್ಳಿಯ ಮಾತು ಅನ್ನುವ ರೂಢಿ ಹಳೆಯದು. ನಮ್ಮಲ್ಲೂ ಇದೆ. ಬೆಂಗಳೂರಿಗೆ ಹೋದ ಕಲಬುರಗಿಯ ಹುಡುಗ ತನ್ನ ಕನ್ನಡ ಮುಚ್ಚಿಟ್ಟುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಮತ್ತೆ ಇದು ಮಾತಿಗೆ ಹೆಸರಾದ ಊರು. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ಶುರುಮಾಡಿದ ವಸಂತ ವ್ಯಾಖ್ಯಾನಮಾಲೆ ಇಲ್ಲಿಯದೇ. ಕಾಲೇಜು ಹುಡುಗರು ಪುರುಷೋತ್ತಮ ಕರಂಡಕದ ಏಕಾಂಕ ನಾಟಕಕ್ಕಾಗಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಇಂಥ ಊರಿನ ತರಗತಿಯಲ್ಲಿ ಅರವತ್ತು ಮಂದಿಯಲ್ಲಿ ಆರು ಮಂದಿ ಮಾತ್ರ ಮಾತಾಡುತ್ತಾರೆ.

ವಿದ್ಯಾರ್ಥಿನಿ: ಭಾಷಣ ಬೇರೆ, ಚರ್ಚೆ ಬೇರೆ ಮೇಡಂ. ಗ್ಯಾದರಿಂಗಿನಲ್ಲಿ ಭಾಷಣ ಮಾಡು ಅಂದರೆ ಬಾಯಿಪಾಠ ಮಾಡಿ ನಾನೂ ಹೇಳಿಯೇನು. ಬರೆದದ್ದು ಕೈಯಲ್ಲಿರುತ್ತದೆ. ಚರ್ಚೆಯಲ್ಲಿ ಹಾಗಲ್ಲ. ಅರ್ಧ ಬೆಂದ ವಿಚಾರವನ್ನು ನಾಲ್ಕು ಜನರ ಎದುರು ಇಡಬೇಕು. ಹಸಿಯಾಗಿದೆ ಅಂತ ಯಾರೂ ನಗುವುದಿಲ್ಲ ಅನ್ನುವ ನಂಬಿಕೆ ಇದ್ದರೆ ಮಾತ್ರ ಇಡಬಹುದು.

ಅಧ್ಯಾಪಕಿ: ಹಾಗಾದರೆ ಈ ಎರಡು ವರ್ಷ ನಿನ್ನ ವಿಚಾರಗಳೆಲ್ಲ ಎಲ್ಲಿ ಹೋದವು?

ವಿದ್ಯಾರ್ಥಿನಿ: ಇಲ್ಲಿವೆ ನೋಡಿರಿ. ನೋಟ್‌ಬುಕ್ಕಿನ ಅಂಚಿನಲ್ಲಿ. ನೀವು ಹೇಳಿದ್ದು ನಡುವೆ ಇಂಗ್ಲಿಷಿನಲ್ಲಿ, ನನಗೆ ಹೊಳೆದದ್ದು ಬದಿಯಲ್ಲಿ ಕನ್ನಡದಲ್ಲಿ.

ಅಧ್ಯಾಪಕಿ: ಈ ಪುಟ ಯಾವುದು? ‘ಇಂಟರ್‌ಲಿಂಕ್ಡ್ ಕಾಂಟ್ರಾಕ್ಟ್’ ಅಂತ ನಾನು ಹೇಳಿದ್ದರ ಪಕ್ಕದಲ್ಲಿ ಉಚಲ, ಮುಕಾದಮ, ಕೊಯ್ತಾ, ಖಾಡಾ ಅಂತ ಬರೆದಿದ್ದೀ.

ವಿದ್ಯಾರ್ಥಿನಿ: ಸಾಲ ಕೊಟ್ಟವನೇ ಕೆಲಸವನ್ನೂ ಕೊಡುವ ಒಪ್ಪಂದ, ಒಂದಕ್ಕೊಂದು ಗಂಟು ಹಾಕಿದ್ದು ಅಂತ ಅವತ್ತು ವಿವರಿಸಿದಿರಿ. ಉದಾಹರಣೆ ಕೊಡಿ ಅಂದಿರಿ. ಯಾರೂ ಮಾತಾಡಲಿಲ್ಲ. ನೀವು ಪುಸ್ತಕದಲ್ಲಿದ್ದ ಬೇರೆ ಯಾವುದೋ ರಾಜ್ಯದ ಗದ್ದೆಯ ಉದಾಹರಣೆ ಹೇಳಿ ಮುಂದೆ ಹೋದಿರಿ. ನನ್ನ ಅವ್ವ ಅಪ್ಪ ಕಬ್ಬು ಕಡಿಯಲಿಕ್ಕೆ ಹೋಗುವವರು. ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ ಮುಕಾದಮ. ಹಂಗಾಮಿಗೆ ಮೊದಲೇ ಅವನು ಕೈಗೆ ಕೊಡುವ ಮುಂಗಡವೇ ಉಚಲ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಅಂದರೆ ಲೆಕ್ಕದಲ್ಲಿ ಇಬ್ಬರು ಮನುಷ್ಯರು ಒಂದು ಕುಡಗೋಲು. ದಸರೆ ದೀಪಾವಳಿಯ ಹೊತ್ತಿಗೆ ಹೋದರೆ ಬೇಸಗೆಗೆ ಮರಳುತ್ತಾರೆ. ಒಂದು ದಿನ ಜ್ವರ ಬಂದು ಮಲಗಿದರೆ ಖಾಡಾ ಅಂತ ದಂಡ ಹಿಡಿಯುತ್ತಾರೆ. ಕಡಿದ ಕಬ್ಬಿನ ಟನ್ನಿನ ಲೆಕ್ಕದಲ್ಲಿ ಉಚಲ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಆಗ ಮತ್ತೆ ಅದೇ ಮುಕಾದಮನ ಹಿಂದೆ ಹೋಗಬೇಕು. ನೀವು ಕೇಳಿದ ಗಂಟು ಅದೇ ಅಲ್ಲವೇ?

ಅಧ್ಯಾಪಕಿ: ಅದೇ. ಸಕ್ಕರೆ ಕಾರ್ಖಾನೆಗಳ ರಾಜ್ಯದಲ್ಲಿ ಕೂತು ನಾನು ಅದನ್ನು ದೂರದ ಊರಿನಿಂದ ತಂದು ಕಲಿಸಿದೆ. ಮೂರನೆಯ ಬೆಂಚಿನಲ್ಲಿ ಅದನ್ನು ಬಲ್ಲವಳು ಇದ್ದಳು. ಯಾಕೆ ಹೇಳಲಿಲ್ಲ? ಉಚಲಕ್ಕೆ ಇಂಗ್ಲಿಷ್ ಶಬ್ದ ಗೊತ್ತಿರಲಿಲ್ಲ ಅಂತಲೇ?

ವಿದ್ಯಾರ್ಥಿನಿ: ಅದೂ ಒಂದು. ಅದಕ್ಕಿಂತ ದೊಡ್ಡದು ಬೇರೆ ಇತ್ತು. ಹೇಳಿದ್ದರೆ ನೀವು ಸಂತೋಷಪಡುತ್ತಿದ್ದಿರಿ. ಒಳ್ಳೆಯ ಉದಾಹರಣೆ ಅನ್ನುತ್ತಿದ್ದಿರಿ. ಆದರೆ ಪಾಠ ಮುಗಿದ ಮೇಲೆ ನೀವು ಸ್ಟಾಫ್ ರೂಮಿಗೆ ಹೋಗುತ್ತೀರಿ, ನಾನು ಅವರ ನಡುವೆ ಉಳಿಯುತ್ತೇನೆ. ಅಲ್ಲಿಂದ ಮುಂದೆ ನಾನು ಕಬ್ಬು ಕಡಿಯುವವರ ಮಗಳು. ಮೆಸ್ಸಿನಲ್ಲೂ ಅದೇ, ಗ್ರಂಥಾಲಯದಲ್ಲೂ ಅದೇ. ಎರಡನೆಯ ತರಗತಿಯಲ್ಲಿದ್ದಾಗ ಒಂದು ಹಂಗಾಮು ನಾನೂ ಅವರ ಜೊತೆ ಹೋಗಿದ್ದೆ. ಕಬ್ಬಿನ ರವದಿ ಹೊದಿಸಿದ ಗುಡಿಸಲು. ಕಾರ್ಖಾನೆಯ ಹತ್ತಿರ ಸಾಖರ ಶಾಳಾ ಅಂತ ಇತ್ತು, ನಮ್ಮಂಥ ಮಕ್ಕಳಿಗೆ. ಅಲ್ಲಿ ಎಲ್ಲರೂ ಅಂಥವರೇ, ಹಾಗಾಗಿ ನಾಚಿಕೆ ಇರಲಿಲ್ಲ. ಇಲ್ಲಿ ಇದೆ. ಬಡವರ ಮಕ್ಕಳ ಬಾಳು ಬೇರೆಯವರಿಗೆ ಪಾಠದ ಸಾಮಾನು ಆಗಬೇಕೇ ಮೇಡಂ?

ಅಧ್ಯಾಪಕಿ: ಅದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರವಿಲ್ಲ. ಆದರೆ ಇದೇ ಊರಿನ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ಇಲ್ಲಿಂದ ನಡೆದು ಹೋದರೆ ಬುಧವಾರ ಪೇಠೆ. ದಗಡೂಶೇಠ ಗಣಪತಿಯ ಎದುರಿಗೆ ಭಿಡೆವಾಡಾ ಅಂತ ಇತ್ತು. ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲೇ. ಹಾಳುಬಿದ್ದಿದ್ದ ಆ ಕಟ್ಟಡವನ್ನು ಸ್ಮಾರಕ ಕಟ್ಟಲಿಕ್ಕಾಗಿ 2023ರ ಡಿಸೆಂಬರಿನಲ್ಲಿ ಕೆಡವಿದರು. ಆ ದಂಪತಿ ನಡೆಸಿದ ಶಾಲೆಯಲ್ಲಿ ಮುಕ್ತಾ ಸಾಳ್ವೆ ಎನ್ನುವ, ಮಾಂಗ ಜಾತಿಯ ಹುಡುಗಿ ಮೂರು ವರ್ಷ ಕಲಿತಳು. ಸುಮಾರು 14ನೆಯ ವಯಸ್ಸಿನಲ್ಲಿ ಮಾಂಗ ಮಹಾರರ ದುಃಖದ ಬಗ್ಗೆ ಒಂದು ನಿಬಂಧ ಬರೆದಳು. 1855ರಲ್ಲಿ ‘ಜ್ಞಾನೋದಯ’ ಪತ್ರಿಕೆ ಅದನ್ನು ಅಚ್ಚು ಹಾಕಿತು.

ವಿದ್ಯಾರ್ಥಿನಿ: ಅದರಲ್ಲಿ ಏನಿದೆ?

ಅಧ್ಯಾಪಕಿ: ಗುಲಟೇಕಡಿ ನಿನಗೆ ಗೊತ್ತಲ್ಲ, ಈಗ ಮಾರ್ಕೆಟ್ ಯಾರ್ಡ್ ಇರುವ ಕಡೆ?

ವಿದ್ಯಾರ್ಥಿನಿ: ಗೊತ್ತಿದೆ. ನಮ್ಮ ಕಡೆಯ ದಾಳಿಂಬೆ ಲಾರಿ ಬರುವುದು ಅಲ್ಲಿಗೇ.

ಅಧ್ಯಾಪಕಿ: ಪೇಶ್ವೆ ಬಾಜೀರಾಯನ ಕಾಲದಲ್ಲಿ ಮಾಂಗ ಅಥವಾ ಮಹಾರನೊಬ್ಬ ತಾಲೀಮುಖಾನೆಯ ಎದುರು ಹಾದುಹೋದರೆ ಅವನ ತಲೆ ಕಡಿದು ಗುಲಟೇಕಡಿಯ ಮೈದಾನದಲ್ಲಿ ಚೆಂಡಾಡುತ್ತಿದ್ದರು ಅಂತ ಆ ಹುಡುಗಿ ಬರೆದಳು. ತಮ್ಮ ಹೆಂಗಸರು ಹೆರುವಾಗ ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ನರಳುತ್ತಾರೆ ಅಂತ ಬರೆದಳು. ವೇದ ಬ್ರಾಹ್ಮಣರದು ಮಾತ್ರ ಅನ್ನುವುದಾದರೆ ನಮ್ಮ ಧರ್ಮ ಯಾವುದು ಅಂತ ದೇವರನ್ನೇ ಕೇಳಿದಳು. ಕೊನೆಗೆ ತನ್ನವರಿಗೆ, ನಮ್ಮ ರೋಗಕ್ಕೆ ಮದ್ದು ಜ್ಞಾನವೊಂದೇ ಅಂದಳು. ಪುಣೆಯಲ್ಲಿ ಅಂದು ಪಂಡಿತರು ಬೇಕಾದಷ್ಟು ಮಂದಿ ಇದ್ದರು. ಆ ಗುಡಿಸಲಿನ ಒಳಗಿನ ಸತ್ಯವನ್ನು ಅವರು ಯಾರೂ ಹೀಗೆ ಬರೆಯಲಾರರು, ಅವರಿಗೆ ಅದು ಗೊತ್ತೇ ಇರಲಿಲ್ಲ. ಅವಳು ಸುಮ್ಮನಿದ್ದಿದ್ದರೆ ನಷ್ಟ ಅವಳೊಬ್ಬಳಿಗೇ ಆಗುತ್ತಿರಲಿಲ್ಲ. ಇಡೀ ಊರಿಗೆ ತನ್ನ ಚರಿತ್ರೆಯ ಒಂದು ಪುಟ ಇಲ್ಲವಾಗುತ್ತಿತ್ತು.

ವಿದ್ಯಾರ್ಥಿನಿ: ಆದರೆ ಮೇಡಂ, ಅವಳು ಬರೆದಳು. ಎದ್ದು ನಿಂತು ಒಂದು ಸೆಕೆಂಡಿನಲ್ಲಿ ಉತ್ತರ ಹೇಳಲಿಲ್ಲ. ಬರೆಯುವವರಿಗೆ ತಿದ್ದಲಿಕ್ಕೆ ಹೊತ್ತು ಸಿಗುತ್ತದೆ. ಮತ್ತೆ ಅವಳು ‘ನಾನು’ ಅನ್ನದೆ ‘ನಾವು’ ಅಂದಿರಬೇಕು. ಅದಕ್ಕೂ ಮೊದಲು ಮೂರು ವರ್ಷ ಅವಳನ್ನು ಹೀಯಾಳಿಸದ ಶಾಲೆಯೊಂದು ಇತ್ತು. ಆ ಮೂರೂ ನನಗೆ ಇರಲಿಲ್ಲ.

ಅಧ್ಯಾಪಕಿ: ನಾನು ಮುಕ್ತಾಳ ಧೈರ್ಯ ಹೇಳಲಿಕ್ಕೆ ಹೊರಟಿದ್ದೆ. ನೀನು ಅವಳ ಶಾಲೆಯನ್ನು ತೋರಿಸಿದೆ. ಸರಿಯಾಗಿ ತೋರಿಸಿದೆ. ಧೈರ್ಯ ಮಾಡು ಅಂತ ಮಕ್ಕಳಿಗೆ ಹೇಳುವುದು ನಮಗೆ ಸುಲಭ. ಧೈರ್ಯ ಮಾಡಬಹುದಾದ ಕೋಣೆಯನ್ನು ಕಟ್ಟುವುದು ನಮ್ಮ ಕೆಲಸ, ಅದು ಕಷ್ಟದ್ದು.

ವಿದ್ಯಾರ್ಥಿನಿ: ಭಾಷೆಯ ಮಾತೂ ಇದೆ. ಮುಕ್ತಾ ತನಗೆ ಬರುವ ಮರಾಠಿಯಲ್ಲೇ ಬರೆದಳು ಅಲ್ಲವೇ?

ಅಧ್ಯಾಪಕಿ: ಹೌದು. ಪಂಡಿತಾ ರಮಾಬಾಯಿಯವರದೂ ಅದೇ ಕತೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರು 1882ರಲ್ಲಿ ಪುಣೆಗೆ ಬಂದರು. ಅದೇ ವರ್ಷ ಹಂಟರ್ ಅಧ್ಯಕ್ಷತೆಯ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ಹೆಣ್ಣುಮಕ್ಕಳು ವೈದ್ಯ ಕಲಿಯಬೇಕು ಅಂದರು. ಹೇಳಿದ್ದು ಮರಾಠಿಯಲ್ಲಿ. ಇಂಗ್ಲಿಷಿಗೆ ತಂದುಕೊಂಡದ್ದು ಆಯೋಗ. ಹೇಳುವವಳು ತನಗೆ ಒಗ್ಗಿದ ಮಾತಿನಲ್ಲಿ ಹೇಳಿದಳು, ಕೇಳಬೇಕಾದವರು ಅನುವಾದದ ಕಷ್ಟ ಪಟ್ಟರು. ನಮ್ಮ ತರಗತಿಯಲ್ಲಿ ಆ ಕಷ್ಟವನ್ನೆಲ್ಲ ಹದಿನೆಂಟು ವರ್ಷದ ಮಗುವಿನ ತಲೆಯ ಮೇಲೆ ಹಾಕಿದ್ದೇವೆ.

ವಿದ್ಯಾರ್ಥಿನಿ: ನಾನು ಕನ್ನಡದಲ್ಲಿ ಹೇಳಿದರೆ ನಿಮಗೆ ತಿಳಿಯುತ್ತದೆ. ಉಳಿದವರಿಗೆ?

ಅಧ್ಯಾಪಕಿ: ಮೊದಲು ಉಚಲ ಅನ್ನು. ಆ ಶಬ್ದ ಮರಾಠಿಯವರಿಗೂ ಗೊತ್ತು. ಆಮೇಲೆ ಅದಕ್ಕೆ ಇಂಗ್ಲಿಷ್ ಹೊಂದಿಸುವುದು ನನ್ನ ಕೆಲಸ. ಬ್ರೆಜಿಲಿನಲ್ಲಿ ಪಾವ್ಲೊ ಫ್ರೇರಿ ಅಂತ ಒಬ್ಬರು ಇದ್ದರು. ಬಡವರ ಬಾಯಿ ಕಟ್ಟಿಹಾಕುವ ಕಟ್ಟಳೆಗೆ ಅವರು ಮೌನದ ಸಂಸ್ಕೃತಿ ಅಂತ ಹೆಸರು ಕೊಟ್ಟರು. ದುಡಿಯುವ ಜನರಿಗೆ ಅಕ್ಷರ ಕಲಿಸುವಾಗ ಅವರು ಹಿಡಿದುಕೊಂಡದ್ದು ಆ ಜನ ದಿನಾ ಬಳಸುವ ಶಬ್ದಗಳನ್ನು. ಇಟ್ಟಿಗೆ ಅನ್ನುವುದು ಅಂಥ ಒಂದು ಶಬ್ದ. ಆ ಒಂದು ಶಬ್ದದಿಂದ ಅಕ್ಷರವೂ ಬಂತು, ಮನೆ ಯಾರದು, ಕಟ್ಟಿದವರು ಯಾರು ಅನ್ನುವ ಚರ್ಚೆಯೂ ಬಂತು. ನಿನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಅಂಥ ನಾಲ್ಕು ಶಬ್ದ ಇದ್ದವು. ನಾನು ಪುಟದ ನಡುವಿನಿಂದಲೇ ಪಾಠ ಮಾಡಿದೆ.

ವಿದ್ಯಾರ್ಥಿನಿ: ಮೇಡಂ, ಒಂದು ಅನುಮಾನ. ಸುಮ್ಮನಿರುವವರೆಲ್ಲ ಬಾಯಿ ಕಟ್ಟಿಸಿಕೊಂಡವರೇ? ಈ ಅಭ್ಯಾಸಿಕೆಯಲ್ಲಿ ಮೇಲೆ ಐವತ್ತು ಮಂದಿ ಕೂತಿದ್ದಾರೆ. ಪುಟ ತಿರುವುವ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ನನಗೆ ಅಲ್ಲಿ ತುಂಬ ಸಮಾಧಾನ. ಕೆಲವರಿಗೆ ಕೇಳುವುದೇ ಕಲಿಯುವುದು. ಮಾತಾಡಲೇಬೇಕು, ಇಲ್ಲದಿದ್ದರೆ ಅಂಕವಿಲ್ಲ ಅಂದರೆ ಅದೂ ಒಂದು ಖಾಡಾ ಆಗಲಿಲ್ಲವೇ?

ಅಧ್ಯಾಪಕಿ: ಆ ಮೌನ ಬೇರೆ, ಅದನ್ನು ಮುರಿಯಬಾರದು. ಯೋಚಿಸುವವನ ಮೌನ, ಕೇಳಿಸಿಕೊಳ್ಳುವವನ ಮೌನ ಕಲಿಕೆಯ ಒಂದು ಭಾಗ. ಅಂಜಿ ಕೂತವನ ಮೌನ ಹಾಗಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಅದೇ ತೊಡಕು. ಒಂದು ಗುರುತು ಹೇಳುತ್ತೇನೆ. ಬೇಕೆಂದಾಗ ಮಾತಾಡಬಲ್ಲೆ ಅನ್ನುವವಳು ಸುಮ್ಮನಿದ್ದರೆ ಅದು ಅವಳ ಹಕ್ಕು. ಬೇಕೆಂದಾಗಲೂ ಮಾತಾಡಲಾರೆ ಅನ್ನುವ ಸ್ಥಿತಿಯಲ್ಲಿದ್ದರೆ ಅದು ನಮ್ಮ ಸೋಲು. ನೀನು ಎರಡನೆಯ ಸ್ಥಿತಿಯಲ್ಲಿದ್ದೆ. ನಾನು ಅದನ್ನು ನಿನ್ನ 8 ಅಂಕದ ಕೊರತೆ ಅಂತ ಬರೆದೆ.

ವಿದ್ಯಾರ್ಥಿನಿ: ಹಾಗಾದರೆ ಏನು ಮಾಡಬೇಕು? ನಾಳೆಯೇ ನನ್ನ ಹೆಸರು ಕೂಗಿ ಎಬ್ಬಿಸಿದರೆ ನಾನು ಮತ್ತೆ ಕಲ್ಲೇ.

ಅಧ್ಯಾಪಕಿ: ಹೆಸರು ಕೂಗುವುದಿಲ್ಲ. ಮೊದಲು ಎಲ್ಲರೂ ಎರಡು ನಿಮಿಷ ಬರೆಯಲಿ, ಯಾವ ಭಾಷೆಯಲ್ಲಾದರೂ ಸರಿ. ಆಮೇಲೆ ಪಕ್ಕದವರಿಗೆ ಹೇಳಲಿ. ಕೊನೆಗೆ ಬೇಕಾದವರು ಇಡೀ ತರಗತಿಗೆ ಹೇಳಲಿ. ಫ್ರಾಂಕ್ ಲೈಮನ್ ಎನ್ನುವ ಅಮೆರಿಕದ ಶಿಕ್ಷಕ 1981ರಲ್ಲಿ ಇದನ್ನು ಒಂದು ಕ್ರಮವಾಗಿ ಬರೆದಿಟ್ಟರು: ಯೋಚಿಸು, ಜೊತೆಗಾರನಿಗೆ ಹೇಳು, ಎಲ್ಲರಿಗೂ ಹಂಚು. ನಮಗೆ ಇದು ಹೊಸದಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಧಾರವಾಡದ ಎಷ್ಟೋ ಹುಡುಗರು ಪದವಿಗಾಗಿ ಈ ಪುಣೆಗೆ ಬರುತ್ತಿದ್ದರು. ಆಲೂರು ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿದವರು. ಬೇಂದ್ರೆಯವರು ಅಲ್ಲಿಂದಲೇ 1918ರಲ್ಲಿ ಬಿ.ಎ. ಮುಗಿಸಿದರು. ಊರಿಗೆ ಮರಳಿದ ಬೇಂದ್ರೆ 1920ರ ದಶಕದಲ್ಲಿ ಗೆಳೆಯರ ಗುಂಪು ಕಟ್ಟಿದರು. ಅಲ್ಲಿ ಎತ್ತರದ ವೇದಿಕೆ ಇರಲಿಲ್ಲ, ಗೆಳೆಯರ ಎದುರು ಗೆಳೆಯರು ಓದಿದರು, ಮಾತಾಡಿದರು. ಮಾತು ಹುಟ್ಟುವುದು ಹತ್ತಿರ ಕೂತ ನಾಲ್ವರ ನಡುವೆ. ಅರವತ್ತು ಮಂದಿಯ ಎದುರಿಗೆ ಅದು ಆಮೇಲೆ ಬರುತ್ತದೆ.

ವಿದ್ಯಾರ್ಥಿನಿ: ನಕ್ಕರೆ?

ಅಧ್ಯಾಪಕಿ: ನಕ್ಕರೆ ಪಾಠ ನಿಲ್ಲಿಸುತ್ತೇನೆ. ಉಚ್ಚಾರ ತಿದ್ದುವುದಿದ್ದರೆ ಆಮೇಲೆ, ಒಬ್ಬಳೇ ಇದ್ದಾಗ. ಮೊದಲು ಮಾತಿಗೆ ಉತ್ತರ. ಇನ್ನೊಂದು, ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ನಾನೇ ಮೊದಲು ಹೇಳುತ್ತೇನೆ. ಖಾಡಾ ಅಂದರೆ ಏನು ಅಂತ ಇವತ್ತು ನೀನು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಅದನ್ನು ತರಗತಿಯಲ್ಲಿ ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ. ಅಧ್ಯಾಪಕಿಗೇ ಗೊತ್ತಿಲ್ಲದ್ದು ಇರಬಹುದು ಅಂತ ಮಕ್ಕಳಿಗೆ ತಿಳಿದರೆ, ಅವರ ಅರ್ಧ ಬೆಂದ ಮಾತಿಗೂ ಜಾಗ ಸಿಗುತ್ತದೆ.

ವಿದ್ಯಾರ್ಥಿನಿ: ನನ್ನ ಮನೆಯ ವಿಷಯ?

ಅಧ್ಯಾಪಕಿ: ಅದು ನಿನ್ನದು. ನಾನು ಎಲ್ಲೂ ಎತ್ತುವುದಿಲ್ಲ. ಆದರೆ ನಿನಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡ. ನಿನ್ನ ಕೋಣೆಯ ಬೀಡದ ಹುಡುಗಿ ಸುಮ್ಮನಿದ್ದಾಳೆ ಅಂದೆಯಲ್ಲ. ಕಬ್ಬು ಕಡಿಯಲು ಹೋಗುವವರು ಆ ಜಿಲ್ಲೆಯಲ್ಲಿ ಎಷ್ಟು ಮಂದಿ ಅಂತ ನಿನಗೆ ಗೊತ್ತು. ಅವಳ ನೋಟ್‌ಬುಕ್ಕಿನಲ್ಲೂ ಅದೇ ನಾಲ್ಕು ಶಬ್ದ ಇರಬಹುದು. ನೀನೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಇಬ್ಬರೂ ತಾನೊಬ್ಬಳೇ ಅಂದುಕೊಂಡು ಒಂದೇ ಕೋಣೆಯಲ್ಲಿ ಮಲಗುತ್ತೀರಿ. ನಿನ್ನ ಒಂದು ಮಾತು ಅವಳಿಗೆ ಜೊತೆ ಆದೀತು.

ವಿದ್ಯಾರ್ಥಿನಿ: ಅದನ್ನು ನಾನು ಯೋಚಿಸಿರಲಿಲ್ಲ. ಮೊದಲು ಅವಳನ್ನು ಕೇಳುತ್ತೇನೆ. ಅವಳೂ ಒಪ್ಪಿದರೆ ಇಬ್ಬರೂ ಸೇರಿ ಬರೆಯುತ್ತೇವೆ, ನಾನು ಅಂತ ಅಲ್ಲ, ನಾವು ಅಂತ. ನನಗೆ ಬಾರದ ಇಂಗ್ಲಿಷ್ ಶಬ್ದ ನೀವು ಹೇಳಿಕೊಡಿ. ಓದುವುದನ್ನು ಮಾತ್ರ ನಾನೇ ಓದುತ್ತೇನೆ.

ಅಧ್ಯಾಪಕಿ: ‘ಡೆಬ್ಟ್’ ಅಂತಲೇ ಓದು ಬೇಕಾದರೆ. ಅದರ ಅರ್ಥ ಆ ಕೋಣೆಯಲ್ಲಿ ನಿನಗಿಂತ ಚೆನ್ನಾಗಿ ಬಲ್ಲವರು ಇಲ್ಲ.

ವಿದ್ಯಾರ್ಥಿನಿ: ಆ ಎರಡು ಅಂಕ?

ಅಧ್ಯಾಪಕಿ: ನಿನ್ನೊಬ್ಬಳ ಅಂಕ ಬದಲಿಸುವುದಿಲ್ಲ, ನೀನೂ ಅದನ್ನು ಕೇಳಲಿಕ್ಕೆ ಬಂದಿಲ್ಲ. ಅಳತೆಗೋಲನ್ನೇ ಬದಲಿಸುತ್ತೇನೆ, ಅರವತ್ತು ಮಂದಿಗೂ. ಮುಂದಿನ ಅವಧಿಯಿಂದ ಬರೆದ ಚೀಟಿ, ಜೊತೆಗಾರನ ಮಾತನ್ನು ಸರಿಯಾಗಿ ಕೇಳಿ ಹೇಳಿದ್ದು, ಕೇಳಿದ ಒಂದು ಪ್ರಶ್ನೆ, ಎಲ್ಲವೂ ಭಾಗವಹಿಸಿದ ಲೆಕ್ಕಕ್ಕೆ ಬರುತ್ತವೆ. ಬಾಯಿ ಜೋರಿದ್ದವರಿಗೆ ಮಾತ್ರ ಅಂಕ ಕೊಡುವ ತರಗತಿ ಇಷ್ಟು ದಿನ ನಡೆಸಿದ್ದೇ ಸಾಕು.

ಮಾತು ಇಲ್ಲಿಗೆ ನಿಂತಿತು. ಕಲಿಸುವ ಕೆಲಸದಲ್ಲಿರುವ ಎಲ್ಲರಲ್ಲಿ, ಅದು ಪುಣೆಯ ಕಾಲೇಜಾಗಲಿ, ಜತ್ತ ಅಕ್ಕಲಕೋಟೆಯ ಕನ್ನಡ ಶಾಲೆಯಾಗಲಿ, ವಿಜಯಪುರ ಬೆಂಗಳೂರಿನ ತರಗತಿಯಾಗಲಿ, ಕೇಳಿಕೊಳ್ಳುವುದು ಇಷ್ಟೇ. ನಾಳೆ ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು ಕಾಯಿರಿ. ಮೊದಲು ಎದ್ದ ಮಗುವಿನ ಉಚ್ಚಾರವನ್ನು ಬಿಟ್ಟು ಮಾತನ್ನು ಕೇಳಿರಿ. ಮೂರನೆಯ ಬೆಂಚಿನಲ್ಲಿ ಸುಮ್ಮನೆ ಕೂತವರಿಗೆ, ನಿಮ್ಮ ಪುಸ್ತಕದಲ್ಲಿ ಇಲ್ಲದ ಏನೋ ಒಂದು ಗೊತ್ತಿದೆ.